ಪರದೆಯ ಮೇಲಣ ವಾದ್ಯಪರೀಕ್ಷೆ

(ಚೆನ್ನೈನ ತಿರುವಲ್ಲಿಕ್ಕೇಣಿಯ ಒಂದು ಮನೆಯಲ್ಲಿ, ಕೋಡಂಬಾಕ್ಕದ ಸ್ಟುಡಿಯೋಗಳಲ್ಲಿ ಧ್ವನಿಗ್ರಹಣದ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿಗೂ ವೀಣೆ ಕಲಿತ ಅವರ ತಮ್ಮನ ಮಗಳಿಗೂ ನಡೆದ ಸಂಭಾಷಣೆ.)

ಮಗಳು: ದೊಡ್ಡಪ್ಪ, ಅನಲಾಗ್ ಸಿಂಥಸೈಜರ್ ಒಂದನ್ನು ಕೊಳ್ಳಬೇಕೆಂದು ಮನಸ್ಸು ಮಾಡಿದ್ದೇನೆ. ಆದರೆ ನಾನು ಬಯಸುವ ಮಾದರಿಗಳಾವುವೂ ಇಲ್ಲಿಯ ಅಂಗಡಿಗಳಲ್ಲಿ ಮುಟ್ಟಿ ನುಡಿಸಿ ನೋಡುವುದಕ್ಕೆ ದೊರೆಯಲಿಲ್ಲ. ಹೊರದೇಶದಿಂದ ತರಿಸಿಕೊಂಡರೆ ಸಾಗಣೆ, ಸುಂಕ, ತೆರಿಗೆಗಳೆಲ್ಲ ಬೆಲೆಯ ಮೇಲೆ ಬಂದು ಕೂಡುವುವು. ಮನಸ್ಸಿಗೆ ಒಪ್ಪದೆ ಹೋದಲ್ಲಿ ಹಿಂದಕ್ಕೆ ಕಳುಹಿಸುವುದು ನನ್ನಂಥವಳಿಂದ ಆಗುವ ಕೆಲಸವಲ್ಲ. ಆದಕಾರಣ ಯೂಟ್ಯೂಬಿನ ಡೆಮೊ ವಿಡಿಯೊಗಳನ್ನೇ ಪ್ರಮಾಣವಾಗಿಟ್ಟುಕೊಂಡು ನಿಶ್ಚಯಿಸಬೇಕಾಗಿದೆ. ಕಷ್ಟವೇನೆಂದರೆ, ಯಾವ ವಿಡಿಯೊವನ್ನು ಕಡೆಯಲ್ಲಿ ನೋಡುತ್ತೇನೆಯೋ ಆ ವಾದ್ಯವೇ ಎಲ್ಲಕ್ಕಿಂತ ಉತ್ತಮವೆಂದು ಆ ಹೊತ್ತಿಗೆ ತೋರುತ್ತದೆ.

ದೊಡ್ಡಪ್ಪ: ಅದನ್ನು ನಿನ್ನ ಮನಸ್ಸಿನ ಚಾಂಚಲ್ಯವೆಂದು ಎಣಿಸಬೇಡ ಮಗು, ಹಾಗೆ ತೋರಬೇಕೆಂದೇ ಅವುಗಳನ್ನು ಮಾಡಿರುತ್ತಾರೆ. ನೀನು ಅವನ್ನು ಯಾವುದರಲ್ಲಿ ಕೇಳುತ್ತೀಯೆ?

ಮಗಳು: ಹೆಚ್ಚಾಗಿ ಫೋನಿನಲ್ಲಿಯೇ. ಆಫೀಸಿನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವುದೂ ಉಂಟು.

ದೊಡ್ಡಪ್ಪ: ಹಾಗಾದರೆ ಮೊದಲು ಆ ಮಾತನ್ನೇ ವಿಚಾರಿಸೋಣ. ಸಿಂಥಸೈಜರಿಗೆ ಜನ ಅಷ್ಟು ಹಣ ತೆರುವುದು ಬಹುಮಟ್ಟಿಗೆ ಅದರ ಮಂದ್ರನಾದದ ಗಾಂಭೀರ್ಯಕ್ಕಾಗಿ. ಆ ಮಂದ್ರಸ್ವರದ ಮೂಲಕಂಪನ ಸೆಕೆಂಡಿಗೆ 50 ಅಥವಾ 60ರಷ್ಟಿದ್ದರೆ, ಉಗುರಿನಗಲದ ಫೋನ್ ಸ್ಪೀಕರು ಅದನ್ನು ಗಾಳಿಗೆ ಕೊಡಲಾರದು; ಅದರಿಂದ ಹೊರಡುವುದು ಆ ಸ್ವರದ ಮೇಲಣ ಉಪಸ್ವರಗಳು ಮಾತ್ರ. ಆದರೂ ನಿನ್ನ ಕಿವಿ, ಕಿವಿ ಎನ್ನುವುದಕ್ಕಿಂತ ಅದರ ಹಿಂದೆ ಕುಳಿತಿರುವ ಬುದ್ಧಿ, ಆ ಉಪಸ್ವರಗಳಿಗಿರುವ ಪರಸ್ಪರ ಅಂತರವನ್ನು ಗ್ರಹಿಸಿ, ಅಲ್ಲಿಲ್ಲದ ಮೂಲಸ್ವರವನ್ನು ತಾನೇ ಕಲ್ಪಿಸಿಕೊಂಡು, ಕೇಳಿದೆನೆಂದು ತೃಪ್ತಿಪಡುತ್ತದೆ. ಹೀಗೆ ನೀನು ಮೆಚ್ಚಿದ ಗಾಂಭೀರ್ಯದಲ್ಲಿ ವಾದ್ಯದ ಪಾಲೆಷ್ಟು, ನಿನ್ನ ಕಲ್ಪನೆಯ ಪಾಲೆಷ್ಟು ಎಂದು ವಿಂಗಡಿಸುವವರು ಯಾರು? ಬಸ್ಸಿನಲ್ಲಂತೂ ಎಂಜಿನ್ನಿನ ಮೊರೆತ ಬಂದು ಅದೇ ಮಂದ್ರಭಾಗವನ್ನು ಮುಚ್ಚಿಬಿಡುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೇಳದ ಹೊರತು ಈ ವಿಷಯದಲ್ಲಿ ಮಾತೇ ಆಡಬಾರದು.

ಮಗಳು: ವಿಡಿಯೊದಲ್ಲಿ ಧ್ವನಿಯನ್ನು ಕುಗ್ಗಿಸಿ ಕಳುಹಿಸುವುದರಿಂದ ನಿಜವಾದ ನಾದ ಕೆಟ್ಟುಹೋಗುತ್ತದೆಂದು ನನ್ನ ಗೆಳೆಯರು ಹೇಳುತ್ತಾರೆ.

ದೊಡ್ಡಪ್ಪ: ಸ್ವಲ್ಪ ಕೆಡುವುದು ನಿಜ, ಆದರೆ ಅದನ್ನೇ ದೊಡ್ಡ ಅಪರಾಧಿಯೆಂದು ಹಿಡಿಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹೆಚ್ಚಿನ ಬದಲಾವಣೆಯೆಲ್ಲ ಅದಕ್ಕೆ ಮುಂಚೆಯೇ, ಧ್ವನಿಗ್ರಹಣದ ಕೋಣೆಯಲ್ಲಿಯೇ ಆಗಿಹೋಗಿರುತ್ತದೆ. ಗಾಯಕರ ಕಂಠಕ್ಕೆ ಎಕೋ ಕೊಟ್ಟು, ಒಣಗಿದಂತಿದ್ದ ಧ್ವನಿಯನ್ನು ದೇವಾಲಯದ ಪ್ರಾಕಾರದಲ್ಲಿ ಮೊಳಗಿದಂತೆ ಮಾಡುವುದು ನನ್ನ ವೃತ್ತಿಯೇ ಆಗಿತ್ತು. ಡೆಮೊ ಮಾಡುವವರೂ ಅದನ್ನೇ ಮಾಡುತ್ತಾರೆ: ವಾದ್ಯದ ತಂತಿಯನ್ನು ನೇರವಾಗಿ ಧ್ವನಿಮುದ್ರಕಕ್ಕೆ ಕೊಡದೆ ನಡುವೆ ಡಿಲೇ, ರಿವರ್ಬ್, ಕಂಪ್ರೆಸರುಗಳನ್ನು ಸೇರಿಸುತ್ತಾರೆ, ಒಂದೇ ಸ್ವರ ನುಡಿಯಬಲ್ಲ ವಾದ್ಯವನ್ನು ಹಲವು ಬಾರಿ ನುಡಿಸಿ ಒಂದರ ಮೇಲೊಂದು ಹೊದಿಸುತ್ತಾರೆ, ಕೆಳಗೆ ಡ್ರಮ್ಮಿನ ಗತಿಯನ್ನು ಹಾಕುತ್ತಾರೆ. ಅದು ವಂಚನೆಯಲ್ಲ, ಅಲಂಕಾರ; ಸಂಗೀತ ರಚಿಸುವವನಿಗೆ ಅದಕ್ಕೆ ಪೂರ್ಣ ಅಧಿಕಾರವುಂಟು. ಆದರೆ ಕೊಳ್ಳುವವಳು ಅಲಂಕಾರವನ್ನು ಕಂಡು ವಾದ್ಯಕ್ಕೆ ಬೆಲೆ ಕಟ್ಟಬಾರದು. ಇನ್ನೊಂದು ಸಂಗತಿ: ಎರಡು ವಾದ್ಯಗಳನ್ನು ಎದುರುಬದುರಾಗಿಟ್ಟು ಹೋಲಿಸುವ ವಿಡಿಯೊಗಳಲ್ಲಿ ಒಂದರ ಮಟ್ಟ ಇನ್ನೊಂದಕ್ಕಿಂತ ಒಂದು ಡೆಸಿಬೆಲ್ ಹೆಚ್ಚಿದ್ದರೆ ಸಾಕು, ಅದು ಜೋರಾಗಿದೆಯೆಂದು ಯಾರೂ ಹೇಳರು, ಅದರ ನಾದ ತುಂಬಿದೆ, ಜೀವವಿದೆ ಎಂದೇ ಹೇಳುವರು. ಇದನ್ನು ನಾನು ದೊಡ್ಡ ದೊಡ್ಡ ಸಂಗೀತಗಾರರಲ್ಲಿಯೇ ಕಂಡಿದ್ದೇನೆ.

ಮಗಳು: ಹಾಗಾದರೆ ಈ ವಿಡಿಯೊಗಳನ್ನು ನೋಡುವುದೇ ವ್ಯರ್ಥವೆನ್ನುತ್ತೀರಾ?

ದೊಡ್ಡಪ್ಪ: ಹಾಗೆನ್ನಲಾರೆ. ಅವು ಒಳ್ಳೆಯ ಸಾಕ್ಷಿಗಳೇ. ಆದರೆ ತಾವಾಗಿ ಹೇಳಿದ್ದನ್ನೆಲ್ಲ ನಂಬದೆ, ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಪಡೆಯಬೇಕು. ವಾದ್ಯದ ಸೌಂದರ್ಯವನ್ನು ಅವು ಹೇಳಲಾರವು. ಅದರ ದೋಷವನ್ನೂ ಮಿತಿಯನ್ನೂ ಬಹು ಚೆನ್ನಾಗಿ ಹೇಳಬಲ್ಲವು. ಉದಾಹರಣೆಗೆ ಫಿಲ್ಟರನ್ನೇ ತೆಗೆದುಕೊ. 1970ರಲ್ಲಿ ಮೂಗ್ ಕಂಪೆನಿ ಹೊರತಂದ ಮಿನಿಮೂಗಿನ ಕೀರ್ತಿಯೆಲ್ಲ ಅದರ ಫಿಲ್ಟರಿನದು. ತಡೆಗೆರೆಯ ಮೇಲಿನ ಅಂಶಗಳನ್ನು ಪ್ರತಿ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಇಳಿಸುತ್ತ, ಕರ್ಕಶವಾದ ಅಲೆಯನ್ನು ಹದಗೊಳಿಸಿ ಮೃದುವಾಗಿಸುವುದು ಅದರ ಧರ್ಮ. ಅದರ ಮಾದರಿಯದೆಂದು ಹೇಳುವ ಈಗಿನ ಯಂತ್ರವೊಂದರ ವಿಡಿಯೊ ನೋಡುವಾಗ, ನುಡಿಸುವವನು ತಡೆಗೆರೆಯ ಬಳಿಯ ಅಂಶಗಳನ್ನು ಎತ್ತಿ ಕೇಳಿಸುವ ರೆಸೊನೆನ್ಸನ್ನು ಮೇಲಕ್ಕೇರಿಸಿ, ಫಿಲ್ಟರಿನ ನಾಬನ್ನು ಬಹು ನಿಧಾನವಾಗಿ ತಿರುಗಿಸುವ ಕ್ಷಣ ಬರುವವರೆಗೆ ಕಾಯಿ. ಆಗ ನಾದ ಎಣ್ಣೆ ಇಳಿದಂತೆ ಅಖಂಡವಾಗಿ ಜಾರುತ್ತದೆಯೋ, ಅಥವಾ ಸಣ್ಣ ಸಣ್ಣ ಮೆಟ್ಟಿಲುಗಳನ್ನಿಳಿದಂತೆ ಟಿಕಿಟಿಕಿ ಎನ್ನುತ್ತದೆಯೋ ಎಂಬುದನ್ನು ಕೇಳು. ಮೆಟ್ಟಿಲು ಕೇಳಿಸಿದರೆ, ಒಳಗಿನ ಫಿಲ್ಟರು ಅನಲಾಗೇ ಆಗಿದ್ದರೂ, ನಿನ್ನ ಬೆರಳಿಗೂ ಅದಕ್ಕೂ ನಡುವೆ ಒಂದು ಅಂಕೆಯ ಯಂತ್ರ ಕುಳಿತು, ತಿರುವನ್ನೆಲ್ಲ 128 ಅಥವಾ ಅಂತಹ ಯಾವುದೋ ಸಂಖ್ಯೆಯ ಹಂತಗಳಾಗಿ ಕತ್ತರಿಸಿ ಕೊಡುತ್ತಿದೆಯೆಂದು ತಿಳಿ. ಯಾವ ರಿವರ್ಬೂ ಇದನ್ನು ಪೂರ್ತಿಯಾಗಿ ಮುಚ್ಚಲಾರದು.

ಮಗಳು: ಹಾಗೆಯೇ ಸ್ವರ ಆರಂಭವಾಗುವ ರೀತಿಯನ್ನೂ ಗಮನಿಸಬಹುದಲ್ಲವೇ? ವೀಣೆಯಲ್ಲಿ ಮೀಟು ಹೇಗೋ ಹಾಗೆ.

ದೊಡ್ಡಪ್ಪ: ಅಹುದು. ಮೀಟು ಮೊನಚಾಗಿದೆಯೋ ಮೊಂಡಾಗಿದೆಯೋ ಎಂಬುದು ಕಿರಿದಾದ ಸ್ವರಗಳನ್ನು ಬೇಗ ಬೇಗ ನುಡಿಸಿದಾಗ ಗೊತ್ತಾಗುತ್ತದೆ. ಸ್ವರಗಳ ನಡುವಣ ಮೌನದಲ್ಲಿ ಹಿಸ್ಸೆಂಬ ಸದ್ದು ಎಷ್ಟಿದೆಯೆಂಬುದನ್ನೂ ಕೇಳು. ಎಲ್ಲಕ್ಕಿಂತ ಮುಖ್ಯವಾಗಿ, ನಾದವನ್ನು ಹುಟ್ಟಿಸುವ ಆಸಿಲೇಟರು ಒಂದೇ, ಫಿಲ್ಟರು ಪೂರ್ತಿಯಾಗಿ ತೆರೆದದ್ದು, ಎಕೋ ಇಲ್ಲದ್ದು, ಹೀಗೆ ಬರಿಯ ಷಡ್ಜವೊಂದನ್ನು ಹತ್ತು ಸೆಕೆಂಡು ಹಿಡಿದ ವಿಡಿಯೊ ಎಲ್ಲಾದರೂ ಸಿಕ್ಕಿದರೆ ಅದನ್ನು ಬಿಡಬೇಡ. ಅಂಥದು ಸಿಗುವುದು ವಿರಳ. ಏಕೆಂದರೆ ಅದು ನೋಡಲೂ ಕೇಳಲೂ ಬೇಸರ. ಆದರೆ ಇಡಿಯ ಹಾಡಿಗಿಂತ ಆ ಹತ್ತು ಸೆಕೆಂಡು ನನಗೆ ಹೆಚ್ಚು ಹೇಳುತ್ತದೆ.

ಮಗಳು: ಇಲ್ಲಿ ನನಗೊಂದು ಆಕ್ಷೇಪವಿದೆ, ದೊಡ್ಡಪ್ಪ. ನಾನು ಕೊಳ್ಳಬೇಕೆಂದಿರುವುದು ಅವರು ನುಡಿಸುವ ಸಂಗೀತಕ್ಕಲ್ಲ. ನನಗೆ ತೋಡಿಯ ಗಾಂಧಾರ ಬೇಕು. ಆ ಗಾಂಧಾರ ಒಂದೆಡೆ ನಿಲ್ಲುವುದಿಲ್ಲ. ಋಷಭದಿಂದ ಮಧ್ಯಮದವರೆಗೆ ತೂಗಾಡುತ್ತಲೇ ಗಾಂಧಾರವಾಗಿರುತ್ತದೆ. ವೀಣೆಯಲ್ಲಿ ತಂತಿಯನ್ನು ಎಳೆದು ತೆಗೆಯುವುದನ್ನು ಇದರಲ್ಲಿ ಹೇಗೆ ತೆಗೆಯಬೇಕೆಂಬುದನ್ನು ನಾನು ನೋಡಿದ ಒಂದು ವಿಡಿಯೊದಲ್ಲಿಯೂ ತೋರಿಸಲಿಲ್ಲ. ಬರಿಯ ಷಡ್ಜವನ್ನು ಕೇಳಿ ಅದನ್ನು ಹೇಗೆ ಊಹಿಸಲಿ?

ದೊಡ್ಡಪ್ಪ: ಆ ಪ್ರಶ್ನೆ ಯೋಗ್ಯವಾದುದು; ಅದಕ್ಕೆ ಉತ್ತರ ನಾದದಲ್ಲಿಲ್ಲ, ಯಂತ್ರದ ರಚನೆಯಲ್ಲಿದೆ. ಬಹಳ ವಾದ್ಯಗಳಲ್ಲಿ ಎಡಗೈಗೆ ಒಂದು ಪಿಚ್ ವೀಲ್ ಇರುತ್ತದೆ. ಸಾಮಾನ್ಯವಾಗಿ ಅದು ಸ್ವರವನ್ನು ಮೇಲಕ್ಕೂ ಕೆಳಕ್ಕೂ ಎರಡೆರಡು ಅರ್ಧಸ್ವರಗಳಷ್ಟು ಸರಿಸುವಂತೆ ಗೊತ್ತುಮಾಡಿರುತ್ತಾರೆ. ಸಾಧಾರಣ ಗಾಂಧಾರದ ಮನೆಯನ್ನೊತ್ತಿ ಚಕ್ರವನ್ನು ಕೆಳಗೆ ಪೂರ್ತಿ ಎಳೆದರೆ ಶುದ್ಧ ಋಷಭ, ಮೇಲೆ ಪೂರ್ತಿ ತಳ್ಳಿದರೆ ಶುದ್ಧ ಮಧ್ಯಮ. ನಿನ್ನ ತೋಡಿಗೆ ಬೇಕಾದ ಅಳತೆ ಅದೇ ಅಲ್ಲವೇ? ಆದ್ದರಿಂದ ವಿಡಿಯೊದಲ್ಲಿ ಬಲಗೈಯನ್ನು ನೋಡಬೇಡ, ಎಡಗೈಯನ್ನು ನೋಡು. ಚಕ್ರ ಇದೆಯೋ, ಅದರ ಬದಲು ಮೊಂಡು ಗುಂಡಿಯೋ, ಬೆರಳು ತಾಗಿಸುವ ಪಟ್ಟಿಯೋ? ಬಿಟ್ಟ ಕೂಡಲೆ ಮಧ್ಯಕ್ಕೆ ಸಿಡಿದು ಬರುತ್ತದೆಯೋ, ಬಿಟ್ಟಲ್ಲಿಯೇ ನಿಲ್ಲುತ್ತದೆಯೋ? ಒಂದು ಸ್ವರವನ್ನು ಬಿಡದೆ ಮತ್ತೊಂದನ್ನು ಒತ್ತಿದಾಗ ಮೀಟು ಪುನಃ ಬೀಳುತ್ತದೆಯೋ, ಅಥವಾ ಜಾರು ಮಾತ್ರ ಆಗುತ್ತದೆಯೋ? ಮಾರುವವರ ವಿವರಣೆಯಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಮುಗಿದಿರುತ್ತದೆ. ನಿನಗೆ ಮಾತ್ರ ಇಡಿಯ ವಾದ್ಯದ ಬೆಲೆ ಅಲ್ಲಿದೆ. ನಾಲ್ಕೆಂಟು ಸ್ವರ ಒಟ್ಟಿಗೆ ನುಡಿಯುವ ದೊಡ್ಡ ಯಂತ್ರಗಳಿಗಿಂತ ಒಂದೇ ಸ್ವರದ ಸಣ್ಣ ಯಂತ್ರ ನಿನ್ನ ಸಂಗೀತಕ್ಕೆ ಹತ್ತಿರದ್ದೆಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮ ರಾಗಕ್ಕೆ ಬೇಕಾದುದು ಕೂಟವಲ್ಲ, ಅಖಂಡತೆ.

ಮಗಳು: ಶ್ರುತಿಯ ಮಾತು? ಕೀಬೋರ್ಡಿನ ಅಂತರಗಾಂಧಾರ ತಂಬೂರಿಯ ಜೊತೆಗೆ ಒರಟಾಗಿ ಕೇಳುತ್ತದೆ.

ದೊಡ್ಡಪ್ಪ: ಕೇಳಲೇಬೇಕು. ತಂಬೂರಿಯ ಷಡ್ಜ 130.8 ಕಂಪನವಾದರೆ ಅದರ ಐದನೆಯ ಉಪಸ್ವರ 654. ನಾವು ಆ ತಂತಿಯಲ್ಲಿ ಕೇಳುವ ತಾನಾಗಿ ಹುಟ್ಟಿದ ಅಂತರಗಾಂಧಾರ ಅದೇ. ಕೀಬೋರ್ಡಿನ ಸಮಭಾಗದ ಗಾಂಧಾರ ಅಲ್ಲಿ 659 ಆಗುತ್ತದೆ. ಎರಡೂ ಕೂಡಿದಾಗ ಸೆಕೆಂಡಿಗೆ ಐದು ಬಾರಿ ನಾದ ಅಲುಗುತ್ತದೆ. ಇದನ್ನು ಸರಿಪಡಿಸಿಕೊಳ್ಳಲು ಕೆಲವು ಯಂತ್ರಗಳಲ್ಲಿ ಅವಕಾಶವುಂಟು. ಕೊರ್ಗ್ ಕಂಪೆನಿಯ ಮೊನೊಲಾಗ್ ಎಂಬ ಪುಟ್ಟ ಅನಲಾಗ್ ವಾದ್ಯದಲ್ಲಿ ಪ್ರತಿಯೊಂದು ಸ್ವರಸ್ಥಾನವನ್ನೂ ಬೇಕಾದಂತೆ ಕೂಡಿಸಿಕೊಳ್ಳುವ ಏರ್ಪಾಡಿದೆ. ಡೆಮೊ ಮಾಡುವವರಲ್ಲಿ ಬಹುಮಂದಿ ಅದನ್ನು ಮುಟ್ಟುವುದೇ ಇಲ್ಲ.

ಮಗಳು: ನೀವೇ ಹೇಳುತ್ತಿದ್ದೀರಲ್ಲ, ವಾದ್ಯದಲ್ಲಿ ನಮಗೆ ಬೇಕಾದುದನ್ನು ಅವರು ಮುಟ್ಟುವುದಿಲ್ಲವೆಂದು! ನನ್ನ ವಾದವೂ ಅದೇ. ರೋಲ್ಯಾಂಡ್ ಕಂಪೆನಿಯ ಟಿಬಿ-303 ಎಂಬ ಯಂತ್ರವನ್ನು ಗಿಟಾರ್ ನುಡಿಸುವವರು ಒಬ್ಬರೇ ಕುಳಿತು ಅಭ್ಯಾಸ ಮಾಡುವಾಗ ಬೇಸ್ ಗಿಟಾರಿನ ಬದಲಿಗೆ ಇರಲೆಂದು 1980ರ ದಶಕದ ಆರಂಭದಲ್ಲಿ ಮಾಡಿದರು. ಬೇಸ್ ಗಿಟಾರಿನಂತೆ ಅದು ನುಡಿಯಲೇ ಇಲ್ಲ. ಕೆಲವೇ ವರ್ಷಗಳಲ್ಲಿ ತಯಾರಿಕೆಯನ್ನು ನಿಲ್ಲಿಸಿಬಿಟ್ಟರು. ಅಂದಿನ ಡೆಮೊ ನೋಡಿ ತೀರ್ಪು ಹೇಳಿದ್ದರೆ ಅದು ನಿಷ್ಪ್ರಯೋಜಕವೆಂದೇ ಹೇಳಬೇಕಾಗಿತ್ತು. ಆದರೆ ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗರು ಅದೇ ಯಂತ್ರವನ್ನು ಟಿಆರ್-808 ಎಂಬ ತಾಳಯಂತ್ರ ಮತ್ತು ಜ್ಯೂಪಿಟರ್-8 ಎಂಬ ಸಿಂಥಸೈಜರುಗಳೊಡನೆ ಕೂಡಿಸಿ, ಹತ್ತು ರಾಗಗಳನ್ನು ಡಿಸ್ಕೋ ಗತಿಗೆ ನುಡಿಸಿ 1982ರಲ್ಲಿ ಒಂದು ರೆಕಾರ್ಡು ಮಾಡಿದರು. ಷಿಕಾಗೊ ನಗರದವರು ಆ ಯಂತ್ರದ ಗುಣವನ್ನು ಕಂಡು ಲೋಕಪ್ರಸಿದ್ಧಗೊಳಿಸಿದ್ದು ಅದಾದ ಐದು ವರ್ಷಗಳ ಮೇಲೆ.

ದೊಡ್ಡಪ್ಪ: ಚರಣ್‌ಜಿತ್ ಸಿಂಗರು ಹವಾಯಿಯನ್ ಗಿಟಾರಿನಲ್ಲಿ ಕೈ ಪಳಗಿದವರು. ಸ್ವರದಿಂದ ಸ್ವರಕ್ಕೆ ಜಾರುವುದು ಏನೆಂದು ಅವರ ಕೈಗೆ ಮೊದಲೇ ಗೊತ್ತಿತ್ತು. ಆ ಯಂತ್ರದಲ್ಲಿಯೂ ಸ್ಲೈಡ್ ಎಂಬ ಸೌಕರ್ಯವಿತ್ತು. ಇನ್ನೂ ಹಿಂದಕ್ಕೆ ಹೋದರೆ, 1954ರ ನಾಗಿನ್ ಚಿತ್ರದಲ್ಲಿ ದೇಶಕ್ಕೆಲ್ಲ ಹುಚ್ಚು ಹಿಡಿಸಿದ ಪುಂಗಿಯ ನಾದ ಪುಂಗಿಯದೇ ಅಲ್ಲ. ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಕ್ಲಾವಿಯೋಲಿನ್ ಎಂಬ ವಿದ್ಯುದ್ವಾದ್ಯದ್ದು, ನುಡಿಸಿದವರು ಕಲ್ಯಾಣ್‌ಜಿ. ಅದನ್ನು ಮಾಡಿದವನಿಗೆ ಹಾವಾಡಿಗನ ಕನಸೂ ಬಿದ್ದಿರಲಾರದು. ನಿನ್ನ ವಾದ ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ಆ ಇಬ್ಬರಿಗೂ ನಿನಗಿಲ್ಲದ ಒಂದು ಅನುಕೂಲವಿತ್ತು.

ಮಗಳು: ಯಾವುದು?

ದೊಡ್ಡಪ್ಪ: ವಾದ್ಯ ಅವರ ಕೈಯಲ್ಲಿತ್ತು. ಕೈಯಲ್ಲಿಲ್ಲದಿದ್ದರೂ ನಾದವನ್ನು ಎದುರಿಗೆ ಕೇಳುವುದು ಎಷ್ಟು ದೊಡ್ಡದೆಂಬುದಕ್ಕೆ ಕದ್ರಿ ಗೋಪಾಲನಾಥರ ಸಂಗತಿ ನಿನಗೆ ಗೊತ್ತೇ ಇದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅವರು ಮರುಳಾದರು. ಆ ಬ್ಯಾಂಡು ನುಡಿಸಿದ್ದು ಕರ್ಣಾಟಕ ಸಂಗೀತದ ಗಮಕಗಳನ್ನಲ್ಲ. ಆದರೂ ನಾಗಸ್ವರದ ಮನೆತನದಿಂದ ಬಂದ ಆ ಕಿವಿಗೆ, ಗಾಳಿಯಲ್ಲಿ ನೇರವಾಗಿ ಬಂದ ಆ ನಾದದೊಳಗೆ, ಯಾರೂ ನುಡಿಸದಿದ್ದ ಒಂದು ಆಲಾಪನೆ ಕೇಳಿಸಿತು. ಮುಂದೆ ಎಷ್ಟೋ ವರ್ಷ ಸಾಧನೆ ಮಾಡಿ, ಈ ಮದರಾಸಿನ ಸಭೆಗಳಲ್ಲಿಯೇ ಮೆಚ್ಚಿಕೆ ಪಡೆದರು. ಕೇಳದ ಗುಣವನ್ನು ಕೇಳಿಸಿಕೊಳ್ಳುವ ಶಕ್ತಿ ಕಿವಿಗೆ ಉಂಟು. ಆದರೆ ಅದಕ್ಕೆ ಅಲಂಕಾರವಿಲ್ಲದ ನಾದ ಬೇಕು. ಬರಿಯ ಷಡ್ಜವನ್ನು ಹುಡುಕೆಂದು ನಾನು ಹಟ ಹಿಡಿಯುವುದು ಅದಕ್ಕಾಗಿಯೇ. ತಾನು ಏನಾಗಬಲ್ಲೆನೆಂದು ವಾದ್ಯ ಅಲ್ಲಿ ಮಾತ್ರ ಸುಳಿವು ಕೊಡುತ್ತದೆ. ಮುಗಿದ ಹಾಡಿನಲ್ಲಿ ಅದು ಬೇರೊಬ್ಬನ ಇಷ್ಟದಂತೆ ಆಗಿ ತೀರಿರುತ್ತದೆ.

ಮಗಳು: ಹೀಗೆ ಹೇಳಿದರೆ ನನ್ನ ಆಕ್ಷೇಪವೂ ನಿಮ್ಮ ಹಟವೂ ಒಂದೇ ಕಡೆಗೆ ಬಂದು ಸೇರುತ್ತವೆ. ಆದರೆ ನುಡಿಸಿ ನೋಡುವ ಅನುಕೂಲ ನಿಮ್ಮ ಕಾಲದಲ್ಲಿ ಎಲ್ಲರಿಗೂ ಇತ್ತೇ? ಆಗಲೂ ಇವು ದುರ್ಲಭವಾಗಿದ್ದುವಲ್ಲವೇ?

ದೊಡ್ಡಪ್ಪ: ಬಹು ದುರ್ಲಭ. ಆದರೆ ಕೊಳ್ಳುವುದಕ್ಕೂ ಕೊಳ್ಳದಿರುವುದಕ್ಕೂ ನಡುವೆ ಬಾಡಿಗೆಯೆಂಬ ಒಂದು ದಾರಿ ಇತ್ತು. ಮಲಯಾಳ ಚಿತ್ರಗಳ ಸಂಗೀತ ನಿರ್ದೇಶಕರಾಗಿದ್ದ ಆರ್. ಕೆ. ಶೇಖರ್ 1976ರಲ್ಲಿ ತೀರಿಕೊಂಡ ಮೇಲೆ ಅವರ ಸಂಸಾರ ನಡೆದದ್ದು ಅವರು ಕೂಡಿಸಿಟ್ಟಿದ್ದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು. ಆ ವಾದ್ಯಗಳ ನಡುವೆ ಬೆಳೆದ ಹುಡುಗನೇ ಎ. ಆರ್. ರೆಹಮಾನ್.  ಬಾಡಿಗೆಯ ವಾದ್ಯ ಬೆಳಗ್ಗೆ ಬಂದು ಸ್ಟುಡಿಯೋದಲ್ಲಿ ಕುಳಿತರೆ ಸಂಜೆಯೊಳಗೆ ಅದರ ಗುಣಾವಗುಣಗಳೆಲ್ಲ ಬಯಲಾಗುತ್ತಿದ್ದವು: ಎಷ್ಟು ಹೊತ್ತಿಗೆ ಶ್ರುತಿ ತಪ್ಪುತ್ತದೆ, ವಿದ್ಯುತ್ತಿನ ಗುಂಯ್‌ಗುಡುವಿಕೆ ಎಷ್ಟು ಸೇರುತ್ತದೆ, ಯಾವ ಮನೆ ಒತ್ತಿದರೆ ಹಿಡಿದುಕೊಳ್ಳುತ್ತದೆ, ಎಲ್ಲವೂ.

ಮಗಳು: ಶ್ರುತಿ ತಪ್ಪುವುದೆಂದಿರಿ. ಅನಲಾಗ್ ವಾದ್ಯಗಳ ಮೇಲೆ ಈ ದೂರು ಬಹಳ ಇದೆ. ವಿಡಿಯೊಗಳಲ್ಲಿ ಮಾತ್ರ ಯಾವ ವಾದ್ಯವೂ ತಪ್ಪುವುದಿಲ್ಲ.

ದೊಡ್ಡಪ್ಪ: ತಪ್ಪಿದ್ದನ್ನು ಕತ್ತರಿಸಿ ತೆಗೆದಿರುತ್ತಾರೆ, ಅಥವಾ ತಪ್ಪುವಷ್ಟು ಹೊತ್ತು ಮುದ್ರಿಸಿರುವುದಿಲ್ಲ. ಇದರ ಕಾರಣವನ್ನು ನೀನು ತಿಳಿದಿರಬೇಕು, ಏಕೆಂದರೆ ಈ ಊರಿನಲ್ಲಿ ಅದು ಎಲ್ಲಕ್ಕಿಂತ ದೊಡ್ಡ ಮಾತು. ಇಂಥ ವಾದ್ಯಗಳಲ್ಲಿ ಸ್ವರದ ಎತ್ತರವನ್ನು ಗೊತ್ತುಮಾಡುವುದು ವೋಲ್ಟೇಜು. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರಬೇಕೆಂಬುದು ಸಾಮಾನ್ಯ ನಿಯಮ. ವೋಲ್ಟೇಜನ್ನು ಹಾಗೆ ಸ್ಥಾಯಿಯಾಗಿ ಮಾರ್ಪಡಿಸುವ ಟ್ರಾನ್ಸಿಸ್ಟರುಗಳ ಗುಣವೇ ಉಷ್ಣವನ್ನವಲಂಬಿಸಿದ್ದು. ಪರಿಹಾರಕ್ಕೆ ಏನೂ ಮಾಡದಿದ್ದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ನೂರಕ್ಕೆ 0.33ರಷ್ಟು ವ್ಯತ್ಯಾಸವಾಗುತ್ತದೆ. ಸ್ಥಾಯಿಯನ್ನು 1200 ಸೆಂಟುಗಳಾಗಿ ಎಣಿಸಿದರೆ, ಆಧಾರದಿಂದ ನಾಲ್ಕು ಸ್ಥಾಯಿ ದೂರದ ಸ್ವರ ಒಂದು ಡಿಗ್ರಿಗೆ 16 ಸೆಂಟು ಸರಿಯಿತೆಂದಾಯಿತು. ಶ್ರುತಿಗಳ ನಡುವಣ ಕಿರಿಯ ಅಂತರವೆಂದು ನಮ್ಮವರು ಹೇಳುವ ಪ್ರಮಾಣಶ್ರುತಿ ಸುಮಾರು 22 ಸೆಂಟು. ಇನ್ನು ನೀನೇ ಲೆಕ್ಕ ಹಾಕು: ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ, ಏಸಿ ಹಾಕಿದ ಕೋಣೆಯಲ್ಲಿ 24.

ಮಗಳು: ಆದರೆ ಪರಿಹಾರ ಮಾಡಿರುತ್ತಾರಲ್ಲ?

ದೊಡ್ಡಪ್ಪ: ಮಾಡಿರುತ್ತಾರೆ. ಉಷ್ಣಕ್ಕೆ ಸರಿಯಾಗಿ ಬದಲಾಗುವ ರೆಸಿಸ್ಟರನ್ನು ಹಾಕುವುದು ಒಂದು ಬಗೆ. ಒಳಗಣ ಕಂಪ್ಯೂಟರು ಶ್ರುತಿಯನ್ನು ಅಳೆದು ತಾನೇ ತಿದ್ದಿಕೊಳ್ಳುವುದು ಇನ್ನೊಂದು ಬಗೆ. 1984ರ ಜೂನೊ-106ರಂಥ ವಾದ್ಯಗಳಲ್ಲಿ ಕಂಪನದ ಗತಿಯನ್ನೇ ಅಂಕೆಯ ಗಡಿಯಾರದಿಂದ ನಡೆಸಿ ಈ ತೊಡಕನ್ನು ಬೇರುಸಹಿತ ತೆಗೆದರು. ಪರಿಹಾರಗಳಲ್ಲಿ ಉತ್ತಮವೂ ಉಂಟು, ಅಗ್ಗದ್ದೂ ಉಂಟು. ಅಗ್ಗದ್ದು ಬರ್ಲಿನ್ನಿನಲ್ಲಿಯೋ ಟೋಕಿಯೋದಲ್ಲಿಯೋ ತಂಪಾದ ಕೋಣೆಯಲ್ಲಿ ಮುದ್ರಿಸಿದ ಹತ್ತು ನಿಮಿಷದ ವಿಡಿಯೊದಲ್ಲಿ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಪಾಶ್ಚಾತ್ಯರ ಹಾಡಿನಲ್ಲಿ ಎರಡು ಆಸಿಲೇಟರುಗಳು ಸ್ವಲ್ಪ ಅತ್ತಿತ್ತ ಸರಿದರೆ ನಾದಕ್ಕೆ ಪುಷ್ಟಿ ಬಂತೆಂದು ಸಂತೋಷಿಸುವರು. ಬಿಡದೆ ತಂಬೂರಿ ಮೀಟುವ ನಮಗೆ ಆ ಔದಾರ್ಯ ಸಾಧ್ಯವಿಲ್ಲ.

ಮಗಳು: ನನ್ನ ಸಹೋದ್ಯೋಗಿಯೊಬ್ಬರ ತಮ್ಮ ಅಣ್ಣಾನಗರದಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದಾರೆ. ನಾನು ಬಯಸಿದ ಮಾದರಿಯೇ ಅಲ್ಲದಿದ್ದರೂ ಅದೇ ಕಂಪೆನಿಯ ಹಿಂದಿನ ಯಂತ್ರವೊಂದು ಅವರಲ್ಲಿದೆಯಂತೆ. ಬಂದು ನೋಡಿಕೊಂಡು ಹೋಗಿ ಎಂದಿದ್ದಾರೆ. ಬೇರೆ ಮಾದರಿಯಲ್ಲವೇ, ಪ್ರಯೋಜನವೇನೆಂದು ಸುಮ್ಮನಿದ್ದೆ.

ದೊಡ್ಡಪ್ಪ: ಪ್ರಯೋಜನ ಬಹಳ ಉಂಟು. ಒಂದು ಕಂಪೆನಿಯ ಚಕ್ರ, ಮನೆಗಳ ಸ್ಪರ್ಶ, ನಾಬುಗಳ ಬಿಗಿ, ಇವು ಮಾದರಿಯಿಂದ ಮಾದರಿಗೆ ಅಷ್ಟು ಬೇಗ ಬದಲಾಗುವುದಿಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಅದೇ ಯಂತ್ರದ ವಿಡಿಯೊವೊಂದನ್ನು ಮೊದಲು ಕೇಳಿಟ್ಟುಕೊಂಡು ಹೋಗು. ವಿಡಿಯೊದಲ್ಲಿ ಕೇಳಿದ್ದಕ್ಕೂ ಎದುರಿಗೆ ಕೇಳುವುದಕ್ಕೂ ಎಷ್ಟು ಅಂತರವೆಂಬುದು ಆ ಒಂದರಲ್ಲಿ ಗೊತ್ತಾದರೆ, ಮಿಕ್ಕ ವಿಡಿಯೊಗಳಲ್ಲಿ ಎಷ್ಟು ಕಳೆದು ಎಣಿಸಬೇಕೆಂಬ ಅಂದಾಜು ನಿನ್ನ ಕಿವಿಗೆ ಬರುತ್ತದೆ.

ಮಗಳು: ಶ್ರುತಿಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಲೇ?

ದೊಡ್ಡಪ್ಪ: ತಪ್ಪದೆ ತೆಗೆದುಕೊಂಡು ಹೋಗು. ವಾದ್ಯವನ್ನು ಹಾಕಿ ಅರ್ಧಗಂಟೆ ಕಾಯಿಸಿದ ಮೇಲೆ ಶ್ರುತಿಗೆ ಕೂಡಿಸು. ಎಕೋ ಎಲ್ಲವನ್ನೂ ತೆಗೆಸಿ ಮೊದಲು ಷಡ್ಜ, ಆಮೇಲೆ ಪಂಚಮ, ಆಮೇಲೆ ನಿನ್ನ ಗಾಂಧಾರ. ಬೆಳಗಿನ ತಂಪಿನಲ್ಲಿ ಹೋಗಬೇಡ. ಮಧ್ಯಾಹ್ನ ಎರಡರ ಹೊತ್ತಿಗೆ ಹೋಗಿ, ಸಂಕೋಚಪಡದೆ ಏಸಿಯನ್ನು ಆರಿಸುವಂತೆ ಅವರನ್ನು ಕೇಳಿಕೊ.